ಟಿಕೆಟಿಗಿಂತ ಮೊದ್ಲು ಕೆಂಚನ ಲೆಕ್ಕ

2022ರ ಮಾರ್ಚ್ 27ರಿಂದ ಹೊರದೇಶದ ವಿಮಾನಗಳು ಮೊದಲಿನ ಹಾಗೇ ಓಡಾಡ್ತಾವೆ ಅಂತ ಟೀವೀಲಿ ಬಂದಿದ್ದೇ ಬಂದಿದ್ದು, ನಮ್ಮನೆ ಫೋನಿಗೆ ಬಿಡುವೇ ಇಲ್ಲ. ಎರಡು ವರ್ಷದಿಂದ ಮಕ್ಕಳ ಮುಖ ಫೋನಲ್ಲಿ ಬಿಟ್ರೆ ಎದುರಿಗೆ ಕಾಣದೋರೇ ಎಲ್ಲ. ಕೊಯ್ಲು ಮುಗೀತು, ಹೂಮಳೆ ಒಂದು ಸರಿಯಾಗಿ ಬಿದ್ರೆ ಹೊರಟೇಬಿಡ್ತೀವಿ ಅಂತಾರೆ. ಬಾಳೂರಿನ ಅತ್ತಿಗೆ ಮಗನ ಮನೆಗೆ ಲಂಡನ್ನಿಗಂತೆ, ಕೊಟ್ಟಿಗೆಹಾರದ ಚಿಕ್ಕಮ್ಮ ಜರ್ಮನಿಗಂತೆ, ಇನ್ನೊಬ್ರು ಆಸ್ಟ್ರೇಲಿಯಾಕ್ಕಂತೆ. ನಾನೂ ಅಷ್ಟೇ. ಮಗಳಿಗೆ ಜೂನಲ್ಲಿ ದಿನ ತುಂಬುತ್ತೆ, ಬಾಣಂತನಕ್ಕೆ ಅಮೆರಿಕಕ್ಕೆ ಹೊರಟಿದೀನಿ.

ಫೋನಲ್ಲಿ ಮಾತು ಬರೋ ಕ್ರಮ ಒಂದಿದೆ, ಗಮನಿಸಿ ಬೇಕಾದ್ರೆ. ಮೊದ್ಲು ವೀಸಾ. ಆಮೇಲೆ ಟಿಕೆಟಿನ ರೇಟು. ಎರಡು ಡೋಸ್ ಹಾಕಿಸಿದ ಸರ್ಟಿಫಿಕೇಟಲ್ಲಿ ಹೆಸರು ಪಾಸ್‌ಪೋರ್ಟಿನ ಹಾಗೇ ಇದೆಯಾ ಅಂತ ಒಂದು ಗಲಾಟೆ. ಆಮೇಲೆ ಕಾಫಿಪುಡಿ ಎಷ್ಟು ಕೆಜಿ, ಅಪ್ಪೆಮಿಡಿ ಉಪ್ಪಿನಕಾಯಿ ಹೆಂಗೆ ಪ್ಯಾಕ್ ಮಾಡೋದು, ಬಾಣಂತಿ ಲೇಹ್ಯ ಬಿಡ್ತಾರಾ ಇಲ್ವಾ. ಎಲ್ಲ ಮುಗಿದು ಫೋನ್ ಇಡೋ ಹೊತ್ತಿಗೆ, 'ಅಯ್ಯೋ, ನಾಯಿದೊಂದು ಆಗ್ಬೇಕಲ್ಲ ಮಾರಾಯ್ತಿ' ಅಂತಾರೆ.

ನಾನು ಇವತ್ತು ಹೇಳ್ಬೇಕು ಅಂತಿರೋದು ಆ ಕೊನೇ ಮಾತಿನ ಬಗ್ಗೆ. ಅದು ಕೊನೇ ಮಾತಾಗಬಾರದು ಕಣ್ರೇ. ಟಿಕೆಟ್ ತೆಗೆಯೋಕೂ ಮೊದ್ಲು, ಮನೇಲಿರೋ ನಾಯಿ ಬೆಕ್ಕಿನ ಲೆಕ್ಕ ಕೂತು ಮಾಡ್ಬೇಕು. ಇದನ್ನ ನಾನು ದೊಡ್ಡ ಬುದ್ಧಿವಂತೆ ಅಂತ ಹೇಳ್ತಿಲ್ಲ. ಕೊನೇ ಮಾತಾಗಿ ಮಾಡಿ ಕೆಟ್ಟೋಳು ಅಂತ ಹೇಳ್ತಿದೀನಿ.

2020ರ ಫೆಬ್ರವರೀಲಿ ನಾನೂ ಇವರೂ ಮಗಳ ಮನೆಗೆ ಕ್ಯಾಲಿಫೋರ್ನಿಯಾಕ್ಕೆ ಹೋಗಿದ್ವಿ. ಅರೇಬಿಕಾ ಒಣಗಿಸಿ ಚೀಲಕ್ಕೆ ತುಂಬಿ ಆಗಿತ್ತು. ಇರೋ ಚೂರು ರೋಬಸ್ಟಾ ಭಾವನೋರು ನೋಡ್ಕೊತೀನಿ ಅಂದಿದ್ರು. ಆರು ವಾರದ ಮಾತು, ಯುಗಾದಿ ಹಿಂದಿನ ದಿನ ಮನೇಲಿರ್ತೀವಿ ಅಂತ ಟಿಕೆಟ್ ಆಗಿತ್ತು. ಹೊರಡೋ ದಿನ ಬೆಳಿಗ್ಗೆ ಕಾರಿಗೆ ಪೆಟ್ಟಿಗೆ ಏರಿಸ್ತಾ, ನಮ್ಮ ಲೈನಲ್ಲಿರೋ ಹೆಂಗಸನ್ನ ಕರೆದು, 'ಕೆಂಚನಿಗೆ ಒಂದು ಹಿಡಿ ಅನ್ನ ಹಾಕ್ತಿರು' ಅಂದು, ಕೈಲಿ ಸಾವಿರ ರೂಪಾಯಿ ಇಟ್ಟು ಕಾರು ಹತ್ತಿದೆ. ಒಂದು ಹಿಡಿ ಅನ್ನ. ನನ್ನ ಬಾಯಲ್ಲೇ ಬಂದ ಮಾತು ಅದು.

ಅವಳ ಹೆಸರು ಬರಿಯಲ್ಲ. 'ನನ್ನ ಹೆಸರೆಲ್ಲ ಬೇಡಮ್ಮ' ಅಂತ ಅವಳೇ ಹೇಳಿದಾಳೆ.

ಕೆಂಚನ್ನ ನೀವು ನೋಡಿದೀರಿ. ಕೆಂಪು ಬಣ್ಣದ ನಾಡುನಾಯಿ, ಒಂದು ಕಿವಿ ಮಡಚಿಕೊಂಡಿರುತ್ತೆ. ಮಗಳು ಕಾಲೇಜಿಗೆ ಹೋಗ್ತಿದ್ದಾಗ ಬಸ್‌ಸ್ಟ್ಯಾಂಡಿಂದ ಚೀಲದಲ್ಲಿ ಹಾಕ್ಕೊಂಡು ತಂದಿದ್ದ ಮರಿ. ಹಗಲು ಇವರ ಹಿಂದೆ ತೋಟ, ಸಂಜೆ ಜಗಲಿ, ಮಳೆಗಾಲದ ರಾತ್ರಿ ಬಚ್ಚಲೊಲೆ ಬೂದಿ. ನಮ್ಮ ಕಡೆ ನಾಯಿಗಳ ಟೈಮ್‌ಟೇಬಲ್ಲೇ ಅದಲ್ವಾ.

ಮಾರ್ಚ್ 23ರಿಂದ ಹೊರದೇಶದ ವಿಮಾನ ನಿಂತವು. ಎರಡು ದಿನಕ್ಕೆ ಯುಗಾದಿ, ಅದೇ ದಿನ ಇಡೀ ದೇಶಕ್ಕೆ ಲಾಕ್‌ಡೌನು. ನಾವು ಅಲ್ಲೇ. ಮೊದ್ಲು ಹದಿನೈದು ದಿನ ಅಂದ್ಕೊಂಡ್ವಿ, ಆಮೇಲೆ ಒಂದು ತಿಂಗಳು ಅಂದ್ಕೊಂಡ್ವಿ. ವಂದೇ ಭಾರತ್ ವಿಮಾನ ಶುರುವಾಗಿದ್ದೇ ಮೇ 7ಕ್ಕೆ. ಗರ್ಭಿಣಿಯರು, ಕಾಯಿಲೆಯೋರು, ವೀಸಾ ಮುಗಿದೋರು ಮೊದ್ಲು ಹೋಗಲಿ ಅಂತ ಸಾಲಲ್ಲಿ ಕಾದು, ನಮಗೆ ಸೀಟು ಸಿಕ್ಕಿದ್ದು ಜೂನ್ ನಡುವಿಗೆ. ಆರು ವಾರಕ್ಕೆ ಅಂತ ಹೋದೋಳು ನಾಲ್ಕು ತಿಂಗಳು ದಾಟಿಸಿದ್ದೆ.

ಅಲ್ಲಿದ್ದಾಗ ಭಾವನೋರಿಗೆ ಫೋನ್ ಮಾಡಿದಾಗೆಲ್ಲ 'ಕೆಂಚ ಹೆಂಗಿದಾನೆ' ಅಂತ ಕೇಳ್ತಿದ್ದೆ. 'ಇದಾನೆ, ಇದಾನೆ' ಅನ್ನೋರು. ಪಾಪ, ಅವರಿಗೆಂತ ಗೊತ್ತು, ಅವರ ಮನೆ ಎರಡು ಮೈಲಿ ಆಚೆ. ಲೈನಿಗೆ ಫೋನ್ ಮಾಡೋಣ ಅಂದ್ರೆ ಅಲ್ಲಿ ಟವರ್ ಸಿಗಲ್ಲ. ಸತ್ಯ ಹೇಳ್ಬೇಕಂದ್ರೆ, ಸಿಗೋ ಜಾಗಕ್ಕೆ ಅವಳನ್ನ ಕರೆಸಿ ಮಾತಾಡೋಣ ಅಂತ ನಾನೂ ಪ್ರಯತ್ನ ಮಾಡ್ಲಿಲ್ಲ.

ಬೆಂಗಳೂರಲ್ಲಿ ಇಳಿದು ಏಳು ದಿನ ಹೋಟೆಲಿನ ರೂಮಲ್ಲಿ, ಆಮೇಲೆ ಏಳು ದಿನ ಮನೆಯೊಳಗೆ. ಕಾರು ಗೇಟಿಗೆ ಬಂದಾಗ ಕೆಂಚ ಓಡಿ ಬರ್ತಾನೆ ಅಂತ ಕಾಯ್ತಿದ್ದೆ. ಬರ್ಲಿಲ್ಲ. ಏಳು ದಿನ ಜಗಲೀಲಿ ಕೂತು ನೋಡಿದೆ, ಬರ್ಲಿಲ್ಲ. ಎಂಟನೇ ದಿನ ಕೊಡೆ ಹಿಡ್ಕೊಂಡು ಲೈನಿಗೆ ಇಳಿದೆ. ಅವರ ಬಚ್ಚಲೊಲೆ ಪಕ್ಕ ಬೂದೀಲಿ ಮಲಗಿದ್ದ. ನನ್ನ ನೋಡಿ ಎದ್ದ, ಬಾಲ ಆಡಿಸಿದ, ಕೈ ನೆಕ್ಕಿದ. ಮರೆತಿರ್ಲಿಲ್ಲ. ನಾನು ವಾಪಸ್ ಹೊರಟಾಗ ನಲ್ಲಿಯ ತಿರುವಿನ ತನಕ ಜೊತೆಗೇ ಬಂದ. ಅಲ್ಲಿ ನಿಂತ. 'ಬಾರೋ' ಅಂದೆ. ಇನ್ನೊಂದು ಸಲ ಬಾಲ ಆಡಿಸಿ, ತಿರುಗಿ ಲೈನಿಗೇ ಹೋದ.

ಆವತ್ತು ಸಂಜೆ ಅವಳು ಹಾಲು ತಗೊಂಡು ಹೋಗೋಕೆ ಬಂದಾಗ ಕೇಳಿದೆ. ಅವಳು ದೂರೋ ಹಾಗೆ ಹೇಳ್ಲಿಲ್ಲ, ಸುಮ್ನೆ ಹೇಳಿದ್ಲು. 'ಮೊದ್ಲು ಹದಿನೈದು ದಿನ ಗೇಟ್ ಹತ್ರನೇ ಮಲಗ್ತಿತ್ತಮ್ಮ. ಅನ್ನ ಅಲ್ಲಿಗೇ ತಗೊಂಡೋಗಿ ಹಾಕ್ತಿದ್ದೆ. ಆಮೇಲೆ ಪಕ್ಕದ ಎಸ್ಟೇಟಿನ ನಾಯೀನ ಚಿರತೆ ಹಿಡೀತು. ಹೆದರಿಕೆ ಆಗಿ ರಾತ್ರಿ ಒಳಗೆ ಕಟ್ಟೋಕೆ ಶುರು ಮಾಡ್ದೆ. ಏಪ್ರಿಲಲ್ಲಿ ಉಣುಗು ಹತ್ತಿ ಜ್ವರ ಬಂತು. ನನ್ನ ಮಗ ಪಶು ಆಸ್ಪತ್ರೆಗೆ ಹೋಗಿ ಮಾತ್ರೆ ತಂದ, ಹದಿನಾಲ್ಕು ದಿನ ಬೆಲ್ಲದಲ್ಲಿ ಸುತ್ತಿ ತಿನ್ನಿಸ್ದೆ.' ಲಾಕ್‌ಡೌನಲ್ಲಿ ಅವಳ ಮನೆಗೇ ಕೆಲಸ ಅರ್ಧ, ಕೂಲಿ ಅರ್ಧ. ಸೊಸೈಟಿ ಅಕ್ಕೀಲಿ ಕೆಂಚನಿಗೂ ಪಾಲು ಹಾಕಿದ್ಲು. ನಾನು ಕೊಟ್ಟಿದ್ದ ಸಾವಿರ ರೂಪಾಯಿ ಆರು ವಾರಕ್ಕೂ ಸಾಲದ್ದು.

ನಾನು ದುಡ್ಡು ಕೊಡೋಕೆ ಹೋದೆ. ಅವಳು ತಗೊಂಡ್ಲು, ಆದ್ರೆ ಎರಡು ಸಲ ಬೇಡ ಅಂದು ತಗೊಂಡ್ಲು. ನನಗೆ ನಾಚಿಕೆ ಆಯ್ತು. ಬೇಡ ಅನ್ನೋ ಅವಕಾಶ ಅವಳಿಗೆ ಇರ್ಬೇಕಾಗಿದ್ದು ನಾನು ಹೊರಡೋ ದಿನ, ಕಾರಿನ ಬಾಗಿಲ ಹತ್ರ. ಆವತ್ತು ನಾನು ಕೇಳಿದ್ದೇ ಅಲ್ಲ, ಹೇಳಿದ್ದು.

ಇದು ಹಳೇ ಕಥೆ. ಈಗ ಹೊಸದಕ್ಕೆ ಬರ್ತೀನಿ.

ಜನವರೀಲಿ ಮಗಳು ಫೋನ್ ಮಾಡಿ, 'ಅಮ್ಮಾ, ಈ ಸಲ ಆರು ತಿಂಗಳು ಇರ್ಬೇಕು. ಕೆಂಚನ್ನೂ ಕರ್ಕೊಂಡು ಬಾ' ಅಂದ್ಲು. 'ಇಲ್ಲಿ ಎಲ್ಲರೂ ನಾಯಿ ತರ್ತಾರೆ, ಅದೆಂತ ದೊಡ್ಡ ವಿಷಯ ಅಲ್ಲ.' ನನಗೂ ಆಸೆ ಆಯ್ತು, ಸುಳ್ಳು ಯಾಕೆ ಹೇಳ್ಲಿ. ಹೋದ ಸಲದ ಪಾಪ ಕಳೆಯುತ್ತಲ್ಲ ಅಂತ. ಪಶು ಆಸ್ಪತ್ರೆ ಡಾಕ್ಟ್ರ ಹತ್ರ ಕೂತು, ಅಳಿಯನ ಹತ್ರ ಕಂಪ್ಯೂಟರಲ್ಲಿ ಓದಿಸಿ, ಒಂದು ನೋಟ್‌ಬುಕ್ಕಲ್ಲಿ ಬರ್ಕೊಂಡೆ. ನಿಮಗೂ ಉಪಯೋಗ ಆಗ್ಲಿ ಅಂತ ಹೇಳ್ತೀನಿ.

ಅಮೆರಿಕದ್ದು ಮೊದ್ಲು. 2021ರ ಜುಲೈ 14ರಿಂದ, ಹುಚ್ಚುನಾಯಿ ರೋಗ ಜಾಸ್ತಿ ಇರೋ ನೂರಕ್ಕೂ ಹೆಚ್ಚು ದೇಶದಿಂದ ನಾಯಿ ತರೋದನ್ನ ಅಲ್ಲಿನವರು ನಿಲ್ಲಿಸಿದ್ರು. ಅದರಲ್ಲಿ ನಮ್ಮ ದೇಶವೂ ಇತ್ತು. ಆಗ ವಿಶೇಷ ಪರ್ಮಿಟ್ ಸಿಕ್ಕಿದ್ರೆ ತರ್ಬಹುದಿತ್ತು, ಇಲ್ಲದಿದ್ರೆ ಇಲ್ಲ. ಕೊರೋನಾ ಕಾಲದಲ್ಲಿ ಎಲ್ಲ ಕಡೆ ನಾಯಿಮರಿಗೆ ಬೇಡಿಕೆ ಜಾಸ್ತಿಯಾಗಿ, ಸುಳ್ಳು ಲಸಿಕೆ ಕಾಗದ ಇಟ್ಕೊಂಡು ನಾಯಿ ತರೋರು ಹೆಚ್ಚಾದ್ರು ಅಂತ ಈ ತಡೆ ಹಾಕಿದ್ರು. ಇದನ್ನ ಕೇಳಿ ಇವರಿಗೆ ಸಿಟ್ಟು ಬಂತು, 'ನಮ್ಮ ಕೆಂಚನಿಗೆ ಪ್ರತಿ ವರ್ಷ ಇಂಜೆಕ್ಷನ್ ಹಾಕಿಸ್ತೀವಿ' ಅಂತ. ಸಿಟ್ಟು ಮಾಡ್ಕೊಂಡು ಎಂತ ಮಾಡೋದು? ನಮ್ಮೂರ ಸಂತೇಲಿ ತಿರುಗೋ ನಾಯಿಗಳಿಗೆ ಯಾರು ಹಾಕಿಸಿದಾರೆ? ಅವರು ನೋಡೋದು ದೇಶಾನ, ಕೆಂಚನ್ನ ಅಲ್ಲ.

ಜರ್ಮನಿಗೆ ಹೊರಟಿರೋ ಚಿಕ್ಕಮ್ಮನಿಗೆ ಹೇಳ್ತೀನಿ, ಕೇಳ್ಸಿಕೊಳ್ಳಿ. ಯುರೋಪಿಗೆ ನಮ್ಮ ಕಡೆಯಿಂದ ನಾಯಿ ಹೋಗ್ಬೇಕಂದ್ರೆ ಮೊದ್ಲು ಚರ್ಮದಡಿಗೆ 15 ಅಂಕಿಯ ಮೈಕ್ರೋಚಿಪ್. ಚಿಪ್ ಹಾಕಿಸಿದ ಮೇಲೇ ರೇಬಿಸ್ ಲಸಿಕೆ, ಮೊದ್ಲೇ ಹಾಕಿಸಿದ್ದು ಲೆಕ್ಕಕ್ಕಿಲ್ಲ. ಲಸಿಕೆ ಹಾಕಿಸಿ 30 ದಿನ ಆದ್ಮೇಲೆ ರಕ್ತ ತೆಗೆದು ಅವರು ಒಪ್ಪಿರೋ ಲ್ಯಾಬಿಗೆ ಕಳಿಸ್ಬೇಕು. ರಿಪೋರ್ಟಲ್ಲಿ 0.5ಕ್ಕಿಂತ ಕಡಿಮೆ ಇರಬಾರದು. ರಕ್ತ ತೆಗೆದ ದಿನದಿಂದ ಮತ್ತೆ ಮೂರು ತಿಂಗಳು ಕಾಯ್ಬೇಕು. ಎಲ್ಲ ಸರಿಯಾಗಿ ಆದ್ರೂ ನಾಲ್ಕು ತಿಂಗಳು ಬೇಕೇ ಬೇಕು. ಮಾರ್ಚಲ್ಲಿ ಯೋಚನೆ ಮಾಡಿ ಏಪ್ರಿಲಲ್ಲಿ ಕರ್ಕೊಂಡು ಹೋಗ್ತೀನಿ ಅನ್ನೋದು, ನಾಟಿ ಮಾಡಿ ಮಾರನೇ ದಿನ ಕುಡುಗೋಲು ಹಿಡ್ಕೊಂಡು ಗದ್ದೆ ಬದುವಲ್ಲಿ ನಿಂತ ಹಾಗೆ.

ಲಂಡನ್ನಿಗೂ ಹೆಚ್ಚೂ ಕಡಿಮೆ ಇದೇ ಲೆಕ್ಕ. ಅದರ ಮೇಲೆ, ತಲುಪೋಕೆ ಒಂದರಿಂದ ಐದು ದಿನದೊಳಗೆ ಡಾಕ್ಟ್ರ ಎದುರಿಗೇ ಲಾಡಿಹುಳದ ಔಷಧಿ ಕೊಡಿಸ್ಬೇಕು. ವಿಮಾನದಲ್ಲಿ ನಿಮ್ಮ ಜೊತೆ ಸೀಟಿನ ಹತ್ರ ಇಟ್ಕೊಂಡು ಇಳಿಯೋ ಹಾಗಿಲ್ಲ, ಕಾರ್ಗೋದಲ್ಲೇ ಹೋಗ್ಬೇಕು. ಆಸ್ಟ್ರೇಲಿಯಾ ಅಂತೂ ಕೇಳಲೇಬೇಡಿ, ಇಲ್ಲಿಂದ ನೇರವಾಗಿ ನಾಯೀನ ಒಳಗೇ ಬಿಡಲ್ಲ. ಅವರು ಒಪ್ಪಿರೋ ಬೇರೆ ದೇಶದಲ್ಲಿ ತಿಂಗಳುಗಟ್ಟಲೆ ಇಟ್ಟು, ಅಲ್ಲಿಂದ ಕಳಿಸಿ, ಮತ್ತೆ ಅಲ್ಲೂ ಕ್ವಾರಂಟೈನು.

ಇನ್ನು ಕೊರೋನಾ ತಂದಿಟ್ಟ ಹೊಸ ತಾಪತ್ರಯ ಒಂದಿತ್ತು. ನಾಯಿಗೆ ಬೆಂಗಳೂರಿನ ಕೇಂದ್ರ ಸರ್ಕಾರದ ಪ್ರಾಣಿ ಕ್ವಾರಂಟೈನ್ ಕಚೇರಿಯಿಂದ ಆರೋಗ್ಯದ ಸರ್ಟಿಫಿಕೇಟ್ ಬೇಕು. ಅಂಥ ಕಾಗದಕ್ಕೆ ಆಯಸ್ಸು ಬಹಳ ದಿನ ಇಲ್ಲ, ಯುರೋಪಿಗಾದ್ರೆ ಹತ್ತೇ ದಿನ. ಅಮೆರಿಕಕ್ಕೆ ಹೋಗೋ ನಮಗೋ, 2022ರ ಮಾರ್ಚಲ್ಲಿ ಹೊರಡೋ ಹಿಂದಿನ ದಿನದ ಕೋವಿಡ್ ಟೆಸ್ಟು ಬೇಕಿತ್ತು. ನಾವು ಕಳಸದಿಂದ ತಿರುವು ತಿರುವು ದಾರೀಲಿ ಹೊರಟು, ಮೂಡಿಗೆರೆ, ಬೇಲೂರು, ಹಾಸನ ದಾಟಿ ಬೆಂಗಳೂರು ಸೇರಿ, ಅಲ್ಲಿ ಟೆಸ್ಟು ಮಾಡಿಸ್ಬೇಕಿತ್ತು. ಅದರಲ್ಲಿ ಪಾಸಿಟಿವ್ ಅಂತ ಬಂದ್ರೆ? ನಮ್ಮ ಟಿಕೆಟ್ ಮುಂದಕ್ಕೆ ಹೋಗುತ್ತೆ, ನಾಯಿ ಕಾಗದ ಹಳತಾಗುತ್ತೆ. ನಾವು ಒಂದು ರೂಮಲ್ಲಿ ಬಾಗಿಲು ಹಾಕ್ಕೊಂಡು ಮಲಗಿದ್ರೆ, ಗೊತ್ತಿಲ್ಲದ ಊರಲ್ಲಿ ನಾಯೀನ ಹೊರಗೆ ಕರ್ಕೊಂಡು ಹೋಗೋರು ಯಾರು? ಈ ಪ್ರಶ್ನೆ ಯಾರೂ ಕೇಳಿದ್ದು ನಾನು ಕೇಳಿಲ್ಲ.

ವಾಪಸ್ ಬರೋದೂ ಸಸಾರ ಅಲ್ಲ. ನಮ್ಮ ದೇಶದೊಳಗೆ ನಾಯಿ ಬರೋಕೂ ಅದೇ ಕ್ವಾರಂಟೈನ್ ಕಚೇರಿಯ ಒಪ್ಪಿಗೆ ಪತ್ರ ಬೇಕು. ಸಾಮಾನಿನ ಜೊತೆ ಎರಡು ಸಾಕುಪ್ರಾಣಿ ತರೋ ಅವಕಾಶ ಇದೆಯಲ್ಲ, ಅದು ಎರಡು ವರ್ಷ ಹೊರಗಿದ್ದು ಮನೆ ಖಾಲಿ ಮಾಡಿ ಬರೋರಿಗೆ. ಆರು ತಿಂಗಳು ಬಾಣಂತನ ಮುಗಿಸಿ ಬರೋ ಅಜ್ಜಿಯರನ್ನ ಮನಸ್ಸಲ್ಲಿಟ್ಕೊಂಡು ಮಾಡಿದ ಕಾನೂನಲ್ಲ.

ಇಷ್ಟೆಲ್ಲ ಬರ್ಕೊಂಡ ಮೇಲೆ ಒಂದು ರಾತ್ರಿ ಯೋಚನೆ ಮಾಡ್ದೆ. ಪರ್ಮಿಟ್ಟೇ ಸಿಕ್ತು ಅಂತಿಟ್ಕೊಳ್ಳಿ. ಕೆಂಚನಿಗೆ ಈಗ ಒಂಬತ್ತು ವರ್ಷ. ಪಂಜರದಲ್ಲಿ ಒಂದು ದಿನ ಕೂತೋನಲ್ಲ. ಪಂಜರ ಎದ್ದು ನಿಂತು ತಿರುಗೋಷ್ಟು ದೊಡ್ಡದಿರ್ಬೇಕು, ನಿದ್ದೆ ಔಷಧಿ ಕೊಟ್ಟು ಕಳಿಸಬಾರದು ಅಂತ ನಿಯಮ. ಅಂದ್ರೆ ಇಪ್ಪತ್ತು ಗಂಟೆ ಮೇಲೆ, ಆ ಗದ್ದಲದಲ್ಲಿ, ಕತ್ತಲಲ್ಲಿ, ಅವನು ಎಚ್ಚರವಾಗೇ ಇರ್ತಾನೆ. ಅಲ್ಲಿ ಇಳಿದ ಮೇಲೆ ಎರಡು ರೂಮಿನ ಫ್ಲಾಟು, ಕೊರಳಿಗೆ ಹಗ್ಗ, ದಿನಕ್ಕೆ ಎರಡು ಸಲ ಲಿಫ್ಟಲ್ಲಿ ಕೆಳಗೆ. ಕಾಫಿಗಿಡದ ಬುಡ ಮೂಸೋನು ಕಾರ್ಪೆಟ್ ಮೂಸ್ತಾ ಕೂರ್ಬೇಕು. ಇದು ಯಾರಿಗೋಸ್ಕರ? ನನ್ನ ಮನಸ್ಸಿನ ಸಮಾಧಾನಕ್ಕೆ, ಮಗಳ ಆಸೆಗೆ. ಅವನಿಗೋಸ್ಕರ ಅಂತೂ ಅಲ್ಲ.

ಇದನ್ನ ಹೇಳಿದ್ರೆ ನಮ್ಮತ್ತೆ ಒಪ್ಪಲ್ಲ. 'ಧರ್ಮರಾಯ ನಾಯೀನ ಬಿಟ್ಟು ಸ್ವರ್ಗಕ್ಕೇ ಬರಲ್ಲ ಅಂದ. ನೀನು ಅಮೆರಿಕಕ್ಕೆ ಬಿಟ್ಟು ಹೋಗ್ತೀಯಾ?' ಅಂದ್ರು. ಎಂಬತ್ತು ದಾಟಿದೋರು, ಮಾತಲ್ಲಿ ಅವರನ್ನ ಗೆಲ್ಲೋಕಾಗಲ್ಲ. ನಾನೂ ಒಂದು ದಿನ ಪೂರ್ತಿ ಯೋಚನೆ ಮಾಡಿ ಉತ್ತರ ಕೊಟ್ಟೆ. 'ಅತ್ತೆ, ಧರ್ಮರಾಯ ನಾಯೀನ ಕಟ್ಕೊಂಡು ಹೋಗ್ಲಿಲ್ಲ. ಅದಾಗೇ ನಡ್ಕೊಂಡು ಹಿಂದೆ ಬಂತು. ನಡ್ಕೊಂಡು ಹಿಂದೆ ಬಂದಿದ್ದನ್ನ ಬಾಗಿಲಲ್ಲಿ ಬಿಡಬಾರದು, ಅದು ಸರಿ. ಬರ್ದೇ ಇದ್ದಿದ್ದನ್ನ ಪಂಜರದಲ್ಲಿ ತುಂಬಿ ಎಳ್ಕೊಂಡು ಹೋಗು ಅಂತ ಯಾವ ಕಥೇಲೂ ಇಲ್ಲ.' ಅತ್ತೆ ಎಲೆಗೆ ಸುಣ್ಣ ಹಚ್ತಾ ಸುಮ್ನಾದ್ರು. ಒಪ್ಪಿದ್ರೋ ಇಲ್ವೋ ಗೊತ್ತಿಲ್ಲ.

ಹಂಗಂತ ಯಾರೂ ಯಾವತ್ತೂ ಕರ್ಕೊಂಡು ಹೋಗಬಾರದು ಅಂತ ನಾನು ಹೇಳ್ತಿಲ್ಲ. 2022ರ ಮಾರ್ಚಲ್ಲಿ ಟೀವೀಲಿ ಎಲ್ಲರೂ ನೋಡಿದೀವಲ್ಲ, ಉಕ್ರೇನಿಂದ ಓದೋ ಮಕ್ಕಳು ಬಾಂಬಿನ ನಡುವೆ ನಾಯಿಮರಿ, ಬೆಕ್ಕು ಎದೆಗೆ ಕಟ್ಕೊಂಡು ಬಂದ್ರು. ನಮ್ಮ ಸರ್ಕಾರವೂ ಮಾಮೂಲಿ ನಿಯಮ ಸಡಿಲ ಮಾಡಿ ಆ ಪ್ರಾಣಿಗಳನ್ನ ಒಳಗೆ ಬಿಡ್ತು. ನೋಡ್ತಾ ನೋಡ್ತಾ ನನಗೆ ಕಣ್ಣಲ್ಲಿ ನೀರು ಬಂತು. ಆ ಮಕ್ಕಳು ಮಾಡಿದ್ದು ನೂರಕ್ಕೆ ನೂರು ಸರಿ. ಯಾಕಂದ್ರೆ ಅವರ ಹಿಂದೆ ಆ ಪ್ರಾಣಿಗೆ ಯಾರೂ ಉಳಿದಿರ್ಲಿಲ್ಲ. ಮನೇನೇ ಇರ್ಲಿಲ್ಲ.

ನಮ್ಮಕ್ಕನ ಸೊಸೆ ಇದಾಳೆ, ಗಂಡನ ಕೆಲಸಕ್ಕೆ ಅಂತ ಐದು ವರ್ಷಕ್ಕೆ ನೆದರ್‌ಲ್ಯಾಂಡ್ಸಿಗೆ ಹೋಗ್ತಿದಾಳೆ. ಅವಳ ಲ್ಯಾಬ್ರಡಾರ್ ಹುಟ್ಟಿದಾಗಿಂದ ಬೆಂಗಳೂರಿನ ಫ್ಲಾಟಲ್ಲೇ ಇದ್ದಿದ್ದು, ಅವಳನ್ನ ಬಿಟ್ರೆ ಅದಕ್ಕೆ ಲೋಕವೇ ಇಲ್ಲ. ಅವಳು ಅಕ್ಟೋಬರಲ್ಲೇ ಚಿಪ್ ಹಾಕಿಸಿ, ದಿನಾ ಪಂಜರದಲ್ಲಿ ಊಟ ಹಾಕಿ ಅಭ್ಯಾಸ ಮಾಡಿಸ್ತಿದಾಳೆ. ಅವಳು ಕರ್ಕೊಂಡು ಹೋಗೋದೇ ಸರಿ. ಸಾಕಿದ ಮೇಲೆ 'ದೇಶ ಬಿಡ್ತಿದೀನಿ, ಯಾರಾದ್ರೂ ತಗೊಳ್ಳಿ' ಅಂತ ಕೈ ತೊಳ್ಕೊಳ್ಳೋರಿಗಿಂತ ಅವಳು ಸಾವಿರ ಪಾಲು ಮೇಲು.

ನಾನು ನೋಡೋ ಲೆಕ್ಕ ಇಷ್ಟೇ. ನಾವು ಹೋದ ಮೇಲೆ ಆ ಪ್ರಾಣಿಗೆ ಹಿಂದೆ ಮನೆ ಇದೆಯಾ, ಜನ ಇದಾರಾ? ಇಲ್ಲ ಅಂದ್ರೆ, ಆರು ತಿಂಗಳು ಮೊದ್ಲೇ ಕಾಗದ ಶುರು ಮಾಡಿ ಜೊತೆಗೇ ಕರ್ಕೊಂಡು ಹೋಗಿ. ಇದಾರೆ ಅಂದ್ರೆ, ಅವರ ಜೊತೆ ಮೊದ್ಲು ಮಾತಾಡಿ. ನಮ್ಮ ತೋಟದ ನಾಯಿಗಳು ನಮ್ಮೊಬ್ಬರದ್ದಲ್ಲ. ಮೂಡಿಗೆರೆ ಕಡೆಯೋರಿಗೆ ತೇಜಸ್ವಿಯವರ ‘ಕಿವಿ’ಯ ಕಥೆ ನಾನು ಹೇಳ್ಬೇಕಾ? ಆ ನಾಯೀನ ತೋಟ ಕಾಡು ಬಿಟ್ಟು ಬೇರೆ ಕಡೆ ಯೋಚನೆ ಮಾಡೋಕೇ ಆಗಲ್ಲ. ನಮ್ಮವೂ ಹಂಗೇ. ಅವು ಅರ್ಧ ಮನುಷ್ಯರದ್ದು, ಅರ್ಧ ಜಾಗದ್ದು.

ಆದ್ರೆ ಬಿಟ್ಟು ಹೋಗೋದಕ್ಕೆ ಒಂದು ಬೆಲೆ ಇದೆ. ಆ ಬೆಲೆ ನಾವು ಕೊಡ್ಬೇಕು. ಇಲ್ಲೀ ತನಕ ಅದನ್ನ ಕೊಟ್ಟೋರು ಲೈನಿನ ಹೆಂಗಸರು. ನೀವೇ ಹೇಳಿ, ನಮ್ಮ ಕಡೆ ಎಷ್ಟು ಮನೇಲಿ ನಾಯಿ ನೋಡ್ಕೊಂಡಿದ್ದಕ್ಕೆ ಅಂತ ಸಂಬಳ ಕೊಟ್ಟಿದಾರೆ? ದನಕ್ಕೆ ಹುಲ್ಲು ಹಾಕಿದ್ರೆ ಕೂಲಿ, ಕಾಫಿ ಕೊಯ್ದರೆ ಕೆಜಿ ಲೆಕ್ಕ. ನಾಯಿಗೆ ಮಾತ್ರ 'ಒಂದು ಹಿಡಿ ಅನ್ನ'. ಒಂದು ಪ್ರಾಣ ನೋಡ್ಕೊಳ್ಳೋದು ಕೆಲಸ ಅಲ್ವಾ? ನಾವೇ ಮಕ್ಕಳ ಮನೇಲಿ ಬಾಣಂತನ ಮಾಡಿ, ಮಗು ನೋಡಿ, ಅಡುಗೆ ಮಾಡಿ, 'ಅಮ್ಮ ಸುಮ್ನೆ ಇದಾರೆ' ಅಂತ ಯಾರಾದ್ರೂ ಅಂದ್ರೆ ಸಿಟ್ಟು ಬರುತ್ತಲ್ಲ, ಹಂಗೇ ಇದೂ.

ಈ ಸಲ ನಾನು ಏನು ಮಾಡಿದೀನಿ ಅಂತ ಹೇಳ್ತೀನಿ. ಟಿಕೆಟ್ ತೆಗೆಯೋಕೆ ಮೊದ್ಲು ಲೈನಿಗೆ ಹೋಗಿ ಕೂತು ಕೇಳ್ದೆ. 'ಆರು ತಿಂಗಳು ಹೋಗ್ಬೇಕು. ಕೆಂಚನ್ನ ನೋಡ್ಕೊಳ್ಳೋಕೆ ಆಗುತ್ತಾ? ಆಗಲ್ಲ ಅಂದ್ರೂ ಬೇಜಾರಿಲ್ಲ, ಬೇರೆ ದಾರಿ ನೋಡ್ತೀನಿ.' ಅವಳು ನಕ್ಕು, 'ಅವನು ಹೆಂಗೂ ಇಲ್ಲೇ ಇದಾನಲ್ಲಮ್ಮ' ಅಂದ್ಲು. ತಿಂಗಳಿಗೆ ಇಷ್ಟು ಅಂತ ಸಂಬಳ ಮಾತಾಡಿದ್ವಿ. ಅದು ತೋಟದ ಕೂಲಿ ಜೊತೆ ಸೇರಲ್ಲ, ಬೇರೆ. ಪ್ರತಿ ತಿಂಗಳು ಒಂದನೇ ತಾರೀಖು ಭಾವನೋರು ಅವಳ ಕೈಗೇ ಕೊಡ್ತಾರೆ. ಅಕ್ಕಿ ಬೇರೆ, ನಮ್ಮ ಕಣಜದ್ದು.

ಲೆಕ್ಕ ಆರು ತಿಂಗಳಿಗಲ್ಲ, ಒಂದು ವರ್ಷಕ್ಕೆ ಇಟ್ಟಿದೀನಿ. ಇದು 2020 ಕಲಿಸಿದ ಪಾಠ. ಟಿಕೆಟಲ್ಲಿ ವಾಪಸ್ ಬರೋ ತಾರೀಖು ಇರುತ್ತೆ, ಆದ್ರೆ ಅದು ನಮ್ಮ ಕೈಲಿಲ್ಲ. ಎಷ್ಟು ದಿನ ಅಂದ್ಕೊಂಡಿದೀರೋ ಅದರ ಎರಡರಷ್ಟಕ್ಕೆ ದುಡ್ಡು, ಅಕ್ಕಿ, ಔಷಧಿ ಎತ್ತಿಡಿ.

ಎರಡನೇ ಜನ ಒಬ್ಬರನ್ನ ಹೇಳಿಟ್ಟಿರಿ. 2021ರ ಎರಡನೇ ಅಲೇಲಿ ನಮ್ಮ ಸುತ್ತಮುತ್ತ ಒಂದೊಂದು ಮನೆ ಪೂರ್ತಿ ಮಲಗಿತ್ತು, ನೆನಪಿದೆಯಲ್ಲ. ನೋಡ್ಕೊಳ್ಳೋರಿಗೇ ಜ್ವರ ಬಂದ್ರೆ ಅನ್ನ ಹಾಕೋರು ಯಾರು ಅಂತ ಮೊದ್ಲೇ ತೀರ್ಮಾನ ಆಗಿರ್ಬೇಕು. ನಮ್ಮಲ್ಲಿ ಅವಳ ಮಗನ ಹೆಸರು, ಆಮೇಲೆ ಮೇಲಿನ ಮನೆ ಅಕ್ಕನ ಹೆಸರು. ಇಬ್ಬರನ್ನೂ ಕೇಳಿಯೇ ಬರ್ದಿದೀನಿ.

ಲಸಿಕೆ ಹಾಕಿಸಿ ಆಯ್ತು. ಉಣುಗಿನ ಔಷಧಿ ಡಾಕ್ಟ್ರು ಬರ್ಕೊಟ್ಟಿದಾರೆ, ಯಾವ ತಿಂಗಳು ಹಾಕೋದು ಅಂತ ಅವಳ ಮನೆ ಕ್ಯಾಲೆಂಡರಿನಲ್ಲೇ ಗುರುತು ಹಾಕಿದೀನಿ. ಪಶು ಆಸ್ಪತ್ರೆಯಲ್ಲಿ ಹೇಳಿಟ್ಟಿದೀನಿ, ಎಷ್ಟೇ ಖರ್ಚಾಗ್ಲಿ ನನ್ನ ಕೇಳೋಕೆ ಕಾಯ್ಬೇಡಿ ಅಂತ. ಅದಕ್ಕಿಂತ ಕಷ್ಟದ್ದು ಇನ್ನೊಂದು ಮಾತೂ ಹೇಳಿದೀನಿ. ವಯಸ್ಸಾದ ನಾಯಿ, ನರಳ್ತಾ ಬಿದ್ರೆ ನನಗೋಸ್ಕರ ಎಳೀಬೇಡಿ, ಡಾಕ್ಟ್ರು ಹೇಳಿದ ಹಾಗೆ ಮಾಡಿ ಅಂತ. ಆ ಭಾರಾನ ಅವಳೊಬ್ಬಳ ತಲೆ ಮೇಲೆ ಬಿಟ್ಟು ಹೋಗಬಾರದು. ಹೇಳೋವಾಗ ಗಂಟಲು ಕಟ್ತು, ಆದ್ರೂ ಹೇಳ್ದೆ.

ರಾತ್ರಿ ಒಳಗೆ ಕಟ್ಟೋಕೆ ಲೈನಿನ ಹಿಂದಿನ ಮಾಡಿಗೆ ಬಾಗಿಲು ಹಾಕಿಸಿ ಆಯ್ತು. ಬೆಕ್ಕಿನ ಸುದ್ದಿ ಕೇಳ್ತೀರೇನೋ. ಬೆಕ್ಕು ಮನೆಗೆ ಅಂಟಿಕೊಳ್ಳೋ ಜಾತಿ, ಅತ್ತೆ ಮನೇಲಿದಾರೆ, ಹಾಲಿದೆ, ಅದಕ್ಕೆ ನಾನು ಹೋಗಿದ್ದೇ ಗೊತ್ತಾಗಲ್ಲ. ಹಸು ಎರಡನ್ನೂ ಭಾವನೋರ ಕೊಟ್ಟಿಗೆಗೆ ಕಳಿಸ್ತೀವಿ, ಹಾಲು ಅವರದ್ದು, ಕರು ನಮ್ಮದು.

ಮಗಳಿಗೆ ಹೇಳಿದಾಗ ಅವಳು ಅತ್ಲು. 'ಕೆಂಚ ನನ್ನ ನೋಡೋ ಮೊದ್ಲೇ ಹೋಗ್ಬಿಟ್ರೆ?' ಅಂದ್ಲು. ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ. ಹೋದ್ರೂ ಹೋಗ್ಬಹುದು. 'ಮಗು ಹುಟ್ಟಿ ಎರಡು ವರ್ಷ ಆದ್ಮೇಲೆ ನೀವೇ ಬನ್ನಿ, ಅವನಿದ್ರೆ ಇಲ್ಲೇ ನೋಡ್ತೀರಿ, ಅವನ ಜಾಗದಲ್ಲಿ' ಅಂದೆ. ಅವಳು ಪೂರ್ತಿ ಒಪ್ಪಿಲ್ಲ, ನನಗೆ ಗೊತ್ತು. ಟೀವೀಲಿ ನಾಯಿಮರಿ ಕಂಡಾಗೆಲ್ಲ ನನ್ನದೂ ಮನಸ್ಸು ಅಲ್ಲಾಡುತ್ತೆ.

ನಿನ್ನೆ ಸಂಜೆ ಸಣ್ಣಗೆ ಹೂಮಳೆ ಬಂತು. ಮಣ್ಣಿನ ವಾಸನೆಗೆ ಹೊರಗೆ ಬಂದು ನಿಂತಿದ್ದೆ. ಕೆಂಚ ಲೈನಿಂದ ಹತ್ತಿ ಬಂದು ಜಗಲೀಲಿ ಸ್ವಲ್ಪ ಹೊತ್ತು ಕೂತ. ಈಗ ಹಂಗೇ, ಸಂಜೆ ಒಂದು ಗಳಿಗೆ ನಮ್ಮನೆಗೆ ನೆಂಟರ ಹಾಗೆ ಬರ್ತಾನೆ. ರೊಟ್ಟಿ ತುಂಡು ಹಾಕ್ದೆ, ತಿಂದ. ಕತ್ತಲಾಗ್ತಾ ಎದ್ದು ಹೊರಟ. ಈ ಸಲ ನಾನು 'ಬಾರೋ' ಅನ್ಲಿಲ್ಲ.

ನೀವೆಲ್ಲ ಹೊರಡೋ ಮೊದ್ಲು ಫೋನ್ ಮಾಡಿ. ಲೇಹ್ಯ ಹೆಂಗೆ ಕಟ್ಟೋದು ಅಂತ ಹೇಳ್ಕೊಡ್ತೀನಿ. ಆದ್ರೆ ಫೋನ್ ಎತ್ತಿದ ತಕ್ಷಣ ನಾಯಿ ಸುದ್ದಿ ಹೇಳಿ, ವೀಸಾ ಸುದ್ದಿ ಆಮೇಲೆ ಕೇಳ್ತೀನಿ.